ನಮ್ಮ ಗುಡ್ಡದ ಹೈಸ್ಕೂಲುಗಳು

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಗೊಬ್ಬರ, ಸಾಲ, ಕಾಫಿ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಅದೂ ಊರವರು ಕಟ್ಟಿದ ಖಾಸಗಿ ಹೈಸ್ಕೂಲಿನಲ್ಲಿ. ಹಾಗಾಗಿ ಅಂಥ ಶಾಲೆಗಳ ಚರಿತ್ರೆಯನ್ನೇ ಬರೆಯೋಣ ಅಂತ ಹೊರಟಿದ್ದೇವೆ.

ಮೂಡಿಗೆರೆ, ಕಳಸದ ಕಡೆ ಊರವರೇ ಹೈಸ್ಕೂಲು ಕಟ್ಟಬೇಕಾಗಿ ಬಂದದ್ದಕ್ಕೆ ಒಂದು ಕಾರಣ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಸಿಗುತ್ತದೆ. ಎಸ್ಟೇಟಿನಲ್ಲಿ ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಓದಿನ ವ್ಯವಸ್ಥೆಯನ್ನು ಮಾಲೀಕರಿಗೆ ವಹಿಸಬಹುದು ಅಂತ ಅದರಲ್ಲಿತ್ತು. 12 ದಾಟಿದ ಮಕ್ಕಳ ಮಾತೇ ಇರಲಿಲ್ಲ. ಏಳನೇ ಕ್ಲಾಸು ಮುಗಿದ ಮೇಲೆ ಅನುಕೂಲ ಇದ್ದವರ ಮಕ್ಕಳು ಪೇಟೆಯ ಹಾಸ್ಟೆಲಿಗೆ, ಉಳಿದವರು ಕಾಫಿ ಕುಯ್ಲಿಗೆ. ಹೆಣ್ಣುಮಕ್ಕಳಂತೂ ಮನೆಗೇ.

ಹೈಸ್ಕೂಲು ಬೇಕು ಅಂದಾಗ ಮೊದಲ ತಾಪತ್ರಯ ಜಾಗದ್ದು. ಗುಡ್ಡದಲ್ಲಿ ಸಮತಟ್ಟು ಅಂದರೆ ಗದ್ದೆ, ಇಲ್ಲವೇ ಕಾಫಿ ಕಣ. ಎರಡನ್ನೂ ಯಾರು ಬಿಡುತ್ತಾರೆ? ಕಟ್ಟಡಕ್ಕೆ ಹೇಗೋ ಜಾಗ ಆಗುತ್ತದೆ, ಆಟದ ಬಯಲಿಗೆ ಮಾತ್ರ ದಿಣ್ಣೆ ಕಡಿಯಲೇಬೇಕು. ಕಡಿದ ಧರೆ ಮಳೆಗಾಲದಲ್ಲಿ ಬಯಲಿಗೇ ಜರಿಯುತ್ತದೆ. ನಮ್ಮ ಕಡೆ ಹುಡುಗರು ಕಬಡ್ಡಿ, ವಾಲಿಬಾಲ್‌ನಲ್ಲಿ ಗಟ್ಟಿ, ಓಟದಲ್ಲಿ ಹಿಂದೆ ಅನ್ನುತ್ತಾರಲ್ಲ, ಓಡಲು ಜಾಗವೆಲ್ಲಿತ್ತು ಸ್ವಾಮಿ!

ಮಾಡಿನ ವಿಷಯ ಬೇರೆಯೇ. ಮಂಗಳೂರು ಹೆಂಚು ಹೊದಿಸಿದರೆ ವರ್ಷ ವರ್ಷ ಕೈಯಾಡಿಸುವ ಖರ್ಚು. ಅದು ಬೇಡ ಅಂತ ಶೀಟು ಹಾಕಿದರೆ ಜುಲೈ ಮಳೆಯಲ್ಲಿ ಮೇಷ್ಟ್ರ ಮಾತು ಎರಡನೇ ಬೆಂಚಿಗೆ ಕೇಳದು. ನಾವು ಪೈಥಾಗೊರಸ್ ಪ್ರಮೇಯ ಕಲಿತದ್ದು ಬೋರ್ಡು ನೋಡಿ, ಕಿವಿಯಿಂದ ಅಲ್ಲ. ಲ್ಯಾಬ್ ಎಂದರೆ ಒಂದು ಮರದ ಬೀರು. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಕ್ಕಿಂತ ಕಡೆಯಲ್ಲಿ ಆಯಿತು, ಅದು ಮೊದಲು ಆಗಬೇಕಿತ್ತು ಅನ್ನುವುದು ನಮ್ಮ ಅಭಿಪ್ರಾಯ.

ದುಡ್ಡು ಬಂದದ್ದು ಕಾಫಿಯಿಂದ. ಆಗ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗಬೇಕು, ಹಣ ಕಂತಿನಲ್ಲಿ ಬರಬೇಕು. ಬೆಳೆಗಾರರಿಗೆ ಕಂತು ಬಂದರೆ ಶಾಲೆಗೂ ಕಂತು, ಗೋಡೆ ಕಿಟಕಿಮಟ್ಟಕ್ಕೆ ಬಂದು ಮುಂದಿನ ಕಂತಿಗೆ ಕಾದು ನಿಲ್ಲುವುದು. ದುಡ್ಡಿಲ್ಲದವರು ಮರ ಕೊಟ್ಟರು, ಆಳು ಕೊಟ್ಟರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ದರ ಏರಿತು. 1996ರ ಹೊತ್ತಿಗೆ ಕಾಫಿ ಪೂರ್ತಿ ಮುಕ್ತ ಮಾರುಕಟ್ಟೆಗೆ ಬಂತು. ಎಲ್ಲೋ ಹಿಮ ಬಿದ್ದು ಇಲ್ಲಿ ಗೋಡೆಗೆ ಸಿಮೆಂಟು ಗಿಲಾವು ಆಯಿತು.

ಆದರೆ ಮೇಷ್ಟ್ರುಗಳ ಸಂಬಳ ಚಂದಾದಿಂದ ನಡೆಯದು, ಅದಕ್ಕೆ ಸರ್ಕಾರದ ಅನುದಾನ ಬೇಕು. 1987ರ ನಂತರ ಶುರುವಾದ ಶಾಲೆಗಳಿಗೆ ಅದು ನಿಂತಿತು. ಬಹಳ ಹೋರಾಟದ ಮೇಲೆ, 1995ರೊಳಗೆ ಹುಟ್ಟಿದ ಕನ್ನಡ ಶಾಲೆಗಳಿಗೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಎಷ್ಟೋ ಮೇಷ್ಟ್ರುಗಳು ನಾಮಕಾವಸ್ಥೆ ಸಂಬಳಕ್ಕೆ ದುಡಿದು ವಯಸ್ಸು ಕಳೆದಿದ್ದರು. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನಲ್ಲಿದೆ, ಇವರ ಹೆಸರು ಎಲ್ಲಿಯೂ ಇಲ್ಲ.

ದೊಡ್ಡ ಬಂಡವಾಳದಿಂದ ಎದ್ದ ಶಾಲೆಗಳದು ಬೇರೆ ಕಥೆ. ಕುದುರೆಮುಖದ ಕಂಪನಿ 1976ರಲ್ಲಿ ಶುರುವಾದ ಮೇಲೆ ಕಾಡಿನ ನಡುವೆ ಶಾಲೆ, ಆಸ್ಪತ್ರೆ, ಮೈದಾನ ಇರುವ ಪಟ್ಟಣವೇ ಎದ್ದಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ಜನ ಹೋದರು, ಮಕ್ಕಳೂ ಹೋದರು. ಊರವರ ಶಾಲೆ ಅಷ್ಟು ಚೆಂದ ಇರಲಿಲ್ಲ, ಆದರೆ ಒಂದೇ ಆದೇಶಕ್ಕೆ ಖಾಲಿಯಾಗುವಂಥದ್ದೂ ಆಗಿರಲಿಲ್ಲ.

ದಾರಿಯೂ ಶಾಲೆಯ ಸೌಕರ್ಯವೇ. ಕಳಸ-ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದರೆ ಆಚೆಯ ಮಕ್ಕಳು ಆಚೆಗೇ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜರಿದು ಮನೆಗಳು ಹೋದವು.

ಈಗ ಬೆಳಿಗ್ಗೆ ಹಳದಿ ಬಸ್ಸು ಗೇಟಿನ ಹತ್ತಿರವೇ ಬಂದು ಮಕ್ಕಳನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಕರೆದೊಯ್ಯುತ್ತದೆ. ನಮ್ಮ ಸಂಘದ ಸದಸ್ಯರ ಮಕ್ಕಳೂ ಅದರಲ್ಲಿದ್ದಾರೆ, ದೂರುವ ಹಾಗಿಲ್ಲ. ಊರ ಹೈಸ್ಕೂಲಿನಲ್ಲಿ ಉಳಿದವರು ಹೆಚ್ಚಾಗಿ ತೋಟದ ಲೈನುಗಳ ಮಕ್ಕಳು. ಯಾರಿಗೆ ಹೈಸ್ಕೂಲು ಸಿಗುತ್ತಿರಲಿಲ್ಲವೋ ಅವರೇ ಇವತ್ತು ಅದನ್ನು ತುಂಬಿದ್ದಾರೆ. ಮಕ್ಕಳ ಸಂಖ್ಯೆ ಇಳಿದರೆ ಮೇಷ್ಟ್ರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಇನ್ನಷ್ಟು ಮಕ್ಕಳು. ಮಾಡಿಗೆ ಈ ಮಳೆಗಾಲದ ಮೊದಲು ಕೈಯಾಡಿಸಬೇಕಾಗಿದೆ, ಹೆಂಚು ಎಷ್ಟು ಬೇಕು ಅಂತ ಎಣಿಸುತ್ತಿದ್ದಾರೆ.