ಸರಕಾರಿ ವಕೀಲ ಫ್ರಿಟ್ಸ್ ಬೌವರರು

ಸರಕಾರದ ಪಕ್ಷದಿಂದ ಅಪರಾಧಿಗಳ ಮೇಲೆ ಮೊಕದ್ದಮೆ ನಡೆಸುವ ವಕೀಲನಿಗೆ ಸರಕಾರವೂ ಜನವೂ ಬೆಂಬಲವಾಗಿರುವದು ವಾಡಿಕೆ. ಜರ್ಮನಿಯ ಫ್ರಿಟ್ಸ್ ಬೌವರರಿಗಾದರೋ ಆ ಭಾಗ್ಯವಿರಲಿಲ್ಲ. ಸ್ವದೇಶವೇ ಎಸಗಿದ ಪಾತಕಗಳನ್ನು ಸ್ವದೇಶದ ನ್ಯಾಯಾಸ್ಥಾನದ ಮುಂದೆ ತರುವ ಕಾರ್ಯವು ಅವರ ಪಾಲಿಗೆ ಬಂದಿತು.

ಬೌವರರು 1903ರಲ್ಲಿ ಸ್ಟುಟ್‌ಗಾರ್ಟ್ ಪಟ್ಟಣದ ಯಹೂದಿ ಮನೆತನದಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ನ್ಯಾಯಾಧೀಶರಾದರು. 1933ರಲ್ಲಿ ಹಿಟ್ಲರನ ಆಳ್ವಿಕೆಯು ಅವರನ್ನು ಸೆರೆಶಿಬಿರಕ್ಕೆ ತಳ್ಳಿ ಪದವಿಯನ್ನೂ ಕಸಿದುಕೊಂಡಿತು. 1936ರಲ್ಲಿ ಡೆನ್ಮಾರ್ಕಿಗೂ 1943ರಲ್ಲಿ ಸ್ವೀಡನ್ನಿಗೂ ಹೋಗಿ ಪ್ರಾಣ ಉಳಿಸಿಕೊಂಡರು. ಅಂಥವರು 1949ರಲ್ಲಿ ತಿರುಗಿ ಬಂದುದೇ ಒಂದು ಆಶ್ಚರ್ಯ. ಬಂದು ನೋಡಿದರೆ, ಹಿಟ್ಲರನ ಕಾಲದ ಅನೇಕ ನ್ಯಾಯಾಧೀಶರು ನ್ಯಾಯಪೀಠಗಳ ಮೇಲೆ ಇನ್ನೂ ಕುಳಿತೇ ಇದ್ದರು!

1950ರಲ್ಲಿ ಅವರು ಬ್ರೌನ್‌ಶ್ವೈಗಿನ ಮುಖ್ಯ ಸರಕಾರಿ ವಕೀಲರಾದರು. 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲಲು ಯತ್ನಿಸಿ ಪ್ರಾಣ ತೆತ್ತವರನ್ನು ರೇಮರನೆಂಬ ಮಾಜಿ ಸೇನಾಧಿಕಾರಿಯು ದೇಶದ್ರೋಹಿಗಳೆಂದು ಬಹಿರಂಗ ಸಭೆಯಲ್ಲಿ ಹಳಿದಿದ್ದನು. 1952ರ ಮಾರ್ಚದಲ್ಲಿ ಆ ಮಾನಹಾನಿಯ ಮೊಕದ್ದಮೆಯನ್ನು ಬೌವರರು ಸ್ವತಃ ವಾದಿಸಿದರು. ದಿನದಿನವೂ ಸಾವಿರಾರು ಕೊಲೆ ಮಾಡುವ ಅನ್ಯಾಯದ ರಾಜ್ಯಕ್ಕೆ ದ್ರೋಹವೆಂಬುದೇ ಸಂಭವಿಸದೆಂಬುದು ಅವರ ವಾದದ ಸಾರವು. ರೇಮರನಿಗೆ ದೊರೆತ ಶಿಕ್ಷೆಯು ಮೂರೇ ತಿಂಗಳು. ಅದನ್ನೂ ಅನುಭವಿಸದೆ ಅವನು ಪರದೇಶಕ್ಕೆ ಓಡಿದನು. ಆದರೆ ಹಿಟ್ಲರನ ರಾಜ್ಯವು ನ್ಯಾಯದ ರಾಜ್ಯವಾಗಿರಲಿಲ್ಲವೆಂಬ ಮಾತು ತೀರ್ಪಿನಲ್ಲಿ ಬಂದಿತು. ಬೌವರರಿಗೆ ಬೇಕಾದುದು ಆ ಮಾತೇ ಹೊರತು ಸೆರೆಮನೆಯ ತಿಂಗಳುಗಳಲ್ಲ.

1956ರಲ್ಲಿ ಅವರು ಹೆಸ್ಸೆ ಪ್ರಾಂತದ ಮುಖ್ಯ ಸರಕಾರಿ ವಕೀಲರಾಗಿ ಫ್ರಾಂಕ್‌ಫರ್ಟಿಗೆ ಬಂದರು. ಮರುವರ್ಷ, ಯಹೂದಿಗಳ ಸಂಹಾರದ ವ್ಯವಸ್ಥಾಪಕರಲ್ಲೊಬ್ಬನಾದ ಐಕ್‌ಮನ್ ಅರ್ಜೆಂಟೀನದಲ್ಲಿ ಅಡಗಿರುವನೆಂಬ ಸುದ್ದಿ ಅವರಿಗೆ ತಲುಪಿತು. ಸ್ವಂತ ಕಚೇರಿಗಳ ಮೇಲೆಯೇ ನಂಬಿಗೆಯಿಲ್ಲದುದರಿಂದ ಅದನ್ನು ಗುಟ್ಟಾಗಿ ಇಸ್ರೇಲಿಗೆ ತಿಳಿಸಿದರು. ಅಧಿಕಾರಿಯೊಬ್ಬನು ಹೀಗೆ ಮಾಡುವದು ನಿಯಮಕ್ಕೆ ಒಪ್ಪುವದಲ್ಲ. ಆದರೆ ನಿಯಮದಂತೆ ನಡೆದಿದ್ದರೆ ಐಕ್‌ಮನ್ನನು 1960ರಲ್ಲಿ ಸಿಕ್ಕಿಬೀಳುತ್ತಿದ್ದನೆಂದು ಹೇಳುವದು ಕಠಿಣ.

ಅವರ ಯತ್ನದಿಂದಲೇ 1963ರ ಡಿಸೆಂಬರ 20ರಂದು ಫ್ರಾಂಕ್‌ಫರ್ಟಿನಲ್ಲಿ ಔಶ್ವಿಟ್ಸ್ ಶಿಬಿರದ ಮೊಕದ್ದಮೆಯು ಆರಂಭವಾಯಿತು. ನ್ಯಾಯಾಸ್ಥಾನದಲ್ಲಿ ವಾದಿಸಿದವರು ಅವರ ಕೈಕೆಳಗಿನ ತರುಣ ವಕೀಲರು. ಶಿಬಿರದಿಂದ ಬದುಕಿ ಬಂದ ಇನ್ನೂರಕ್ಕೂ ಮಿಕ್ಕಿದವರು ಸಾಕ್ಷಿ ನುಡಿದರು. ಇಡೀ ಶಿಬಿರವೇ ಒಂದು ಕೊಲೆಯಂತ್ರ, ಅದರಲ್ಲಿ ದುಡಿದವನೆಲ್ಲ ಕೊಲೆಗೆ ಸಹಾಯಕನೆಂಬುದು ಬೌವರರ ಮತವು. ನ್ಯಾಯಾಸ್ಥಾನವು ಇದನ್ನು ಒಪ್ಪದೆ, ಒಬ್ಬೊಬ್ಬನ ಕೃತ್ಯಕ್ಕೂ ಪ್ರತ್ಯೇಕ ಪುರಾವೆ ಕೇಳಿತು. 1965ರ ಆಗಸ್ಟದಲ್ಲಿ ಹದಿನೇಳು ಜನರಿಗೆ ಶಿಕ್ಷೆಯಾಯಿತು. ಮೂವರು ಬಿಡುಗಡೆ ಹೊಂದಿದರು.

1968ರ ಜುಲೈ 1ರಂದು ಬೌವರರು ಕಾಲವಾದರು. ಔಶ್ವಿಟ್ಸಿನಲ್ಲಿ ಲೆಕ್ಕ ಬರೆಯುತ್ತಿದ್ದ ಗ್ರೋನಿಂಗನೆಂಬ ಮುದುಕನಿಗೆ 2015ರಲ್ಲಿ ನಾಲ್ಕು ವರ್ಷಗಳ ಶಿಕ್ಷೆಯಾಗಿ, ಮರುವರ್ಷ ಜರ್ಮನಿಯ ಶ್ರೇಷ್ಠ ನ್ಯಾಯಾಸ್ಥಾನವು ಅದನ್ನು ಎತ್ತಿ ಹಿಡಿಯಿತು. ಅವನು ಕೈಯಾರೆ ಯಾರನ್ನೂ ಕೊಂದನೆಂಬ ಆರೋಪವಿರಲಿಲ್ಲ.