ಶಿರಾದಲ್ಲಿ ಕೂಡುವ ದಾರಿಗಳು

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾದು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಪುಣೆಯತ್ತ ಸಾಗುವ ಹೆದ್ದಾರಿಯು ಬಹುಕಾಲ 4ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಾಗಿದ್ದು, 2010ರ ಮರುಸಂಖ್ಯೆಯ ಬಳಿಕ 48 ಎನಿಸಿಕೊಂಡಿತು. ಸಂಖ್ಯೆಗಳು ಹುಟ್ಟುವ ಎಷ್ಟೋ ಮೊದಲೇ ಈ ದಾರಿಯಲ್ಲಿ ಬಿಜಾಪುರದ, ಮೊಗಲರ, ಮರಾಠರ ದಂಡುಗಳೂ ವ್ಯಾಪಾರಿಗಳ ಹೇರೆತ್ತುಗಳೂ ನಡೆದಿದ್ದವು. ಇಂದು ರಜೆಯ ಮುಂಜಾನೆಗಳಲ್ಲಿ ಮೋಟಾರ್ ಸೈಕಲ್ ಸವಾರರು ಬೆಂಗಳೂರು ಬಿಟ್ಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತು, ಶಿರಾದವರೆಗೆ ಬಂದು, ಅಲ್ಲಿಂದ ಪೂರ್ವಕ್ಕೆ ಹೊರಳಿ ಮಧುಗಿರಿ, ಕೊರಟಗೆರೆಗಳ ಮೇಲೆ ಸಂಜೆಗೆ ಊರು ಸೇರುವುದುಂಟು. ಹಿಂದಿನವರು ದೂರವನ್ನು ಹರದಾರಿಯಲ್ಲಿ, ಅಂದರೆ ಸುಮಾರು ಮೂರು ಮೈಲಿಯ ಅಳತೆಯಲ್ಲಿ, ಲೆಕ್ಕ ಹಾಕುತ್ತಿದ್ದರು. ಅವರಿಗೆ ಹಲವು ದಿನ ಹಿಡಿಯುತ್ತಿದ್ದ ಈ ಸುತ್ತು ಈಗ ಒಂದೇ ಹಗಲಿನಲ್ಲಿ ಮುಗಿಯುತ್ತದೆ. ಆದರೂ ಅವಸರವಿಲ್ಲದ ಸವಾರನು ನಿಲ್ಲುವ ಜಾಗಗಳು ಹಳೆಯ ಪಯಣಿಗರು ತಂಗಿದ ಜಾಗಗಳೇ ಆಗಿರುವುದರಿಂದ, ಈ ದಾರಿಯ ಚರಿತ್ರೆಯನ್ನು ಅದೇ ಕ್ರಮದಲ್ಲಿ ಹೇಳುವುದು ಸೂಕ್ತ.

ತುಮಕೂರು ದಾಟಿದ ಮೇಲೆ ಸಿಗುವ ಸೀಬಿಯ ಹುಟ್ಟೇ ಒಂದು ದಾರಿಯ ಕಥೆ. ಧಾನ್ಯ ಹೇರಿಕೊಂಡು ಬಂದ ವ್ಯಾಪಾರಿಯೊಬ್ಬನು ಇಲ್ಲಿ ಎತ್ತುಗಳನ್ನು ಬಿಚ್ಚಿ, ಬಂಡೆಯೊಂದರ ಮೇಲೆ ಅಡುಗೆಗಿಟ್ಟಾಗ ಪಾತ್ರೆಯಲ್ಲಿದ್ದುದೆಲ್ಲ ನೆತ್ತರಿನ ಬಣ್ಣಕ್ಕೆ ತಿರುಗಿತೆಂದೂ, ಆ ಬಂಡೆಯಲ್ಲಿ ತಾನು ನೆಲೆಸಿರುವುದಾಗಿ ನರಸಿಂಹನು ಕನಸಿನಲ್ಲಿ ತಿಳಿಸಿದನೆಂದೂ ಸ್ಥಳಪುರಾಣ ಹೇಳುತ್ತದೆ. ಗಾಡಿರಸ್ತೆಗಳು ಆಗುವ ಮುನ್ನ ಬೆನ್ನಿನ ಎರಡೂ ಮಗ್ಗುಲಿಗೆ ಚೀಲ ಇಳಿಬಿಟ್ಟುಕೊಂಡು ನಡೆಯುತ್ತಿದ್ದ ಎತ್ತುಗಳೇ ಈ ನಾಡಿನ ಸರಕುಸಾಗಣೆಯನ್ನು ಹೊತ್ತಿದ್ದು, ಅವುಗಳನ್ನೇ ಹೇರೆತ್ತು ಎನ್ನುತ್ತಿದ್ದರು. ದೇವರು ಪ್ರತ್ಯಕ್ಷವಾದದ್ದು ಅರಸನಿಗಲ್ಲ, ಹೇರೆತ್ತಿನ ವ್ಯಾಪಾರಿಗೆ ಎಂಬ ಒಂದು ಮಾತೇ ಈ ದಾರಿಯಲ್ಲಿ ಯಾರ ಓಡಾಟ ಹೆಚ್ಚಾಗಿತ್ತೆಂಬುದಕ್ಕೆ ಸಾಕ್ಷಿ. ಈಗಿರುವ ದೇವಾಲಯವನ್ನು ಹೈದರ್ ಮತ್ತು ಟಿಪ್ಪುವಿನ ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮಕ್ಕಳು 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿಸಿದರು. ಮುಖಮಂಟಪದಲ್ಲಿ ನಿಂತು ಕತ್ತೆತ್ತಿದರೆ ಚಾವಣಿಯ ತುಂಬ ಚಿತ್ರಗಳು ಸಾಲುಸಾಲಾಗಿ ಕಾಣುತ್ತವೆ. ಕೃಷ್ಣನ ಲೀಲೆಗಳು ಒಂದೆಡೆಗಿದ್ದರೆ, ಪುರಾಣದ ಆ ದೃಶ್ಯಗಳ ಜೊತೆಯಲ್ಲೇ ಹೈದರನ ಮತ್ತು ಮೈಸೂರು ಅರಸರ ಒಡ್ಡೋಲಗಗಳೂ ಬಿಡಿಸಲ್ಪಟ್ಟಿವೆ. ಹೆದ್ದಾರಿಯ ಮಗ್ಗುಲಲ್ಲೇ ಇರುವ ಈ ಚಿತ್ರಗಳನ್ನು ನೋಡದೆ ಹೋಗುವ ವಾಹನಗಳೇ ಹೆಚ್ಚು ಎಂಬುದು ನಿಜಕ್ಕೂ ಖೇದದ ಸಂಗತಿ.

ಕಳ್ಳಂಬೆಳ್ಳದ ಕೆರೆ ಹಿಂದೆ ಸರಿದಂತೆ ತೆಂಗು ವಿರಳವಾಗಿ, ಕೆಂಪು ನೆಲವೂ ಕಡಲೆಕಾಯಿ ಹೊಲಗಳೂ ಕುರಿಮಂದೆಗಳೂ ಕಾಣತೊಡಗುತ್ತವೆ. ಮಳೆ ಕಡಿಮೆಯಾದ ಈ ನೆಲದಲ್ಲಿ ಶಿರಾ ಒಂದು ದೊಡ್ಡ ಪ್ರಾಂತ್ಯದ ರಾಜಧಾನಿಯಾಗಿ ಬೆಳೆದದ್ದೇಕೆಂಬ ಪ್ರಶ್ನೆಗೆ ಉತ್ತರ ಅದರ ಮಣ್ಣಿನಲ್ಲಿಲ್ಲ, ಅಲ್ಲಿ ಕೂಡುವ ದಾರಿಗಳಲ್ಲಿದೆ. ರತ್ನಗಿರಿಯ ರಂಗಪ್ಪ ನಾಯಕನು ಕೋಟೆಯನ್ನು ಆರಂಭಿಸಿದನು. ಅದು ಮುಗಿಯುವ ಮೊದಲೇ, 1638ರ ಸುಮಾರಿಗೆ, ರಣದುಲ್ಲಾ ಖಾನನ ನೇತೃತ್ವದ ಬಿಜಾಪುರದ ಸೇನೆ ಊರನ್ನು ವಶಪಡಿಸಿಕೊಂಡಿತು. ಬಿಜಾಪುರ ಮೊಗಲರಿಗೆ ಸೋತ ಮೇಲೆ 1687ರಲ್ಲಿ ಶಿರಾ ಹೊಸ ಸುಬಾದ, ಎಂದರೆ ಮೊಗಲ್ ಸಾಮ್ರಾಜ್ಯದ ಪ್ರಾಂತ್ಯವೊಂದರ, ಆಡಳಿತ ಕೇಂದ್ರವಾಯಿತು. ಅದರ ಮೊದಲ ಅಧಿಕಾರಿ ಖಾಸಿಂ ಖಾನ್. ಅದೇ ವರ್ಷ ಬೆಂಗಳೂರನ್ನು ಹಿಡಿದು ಮೂರು ಲಕ್ಷ ರೂಪಾಯಿಗಳಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಒಪ್ಪಿಸಿದವನೂ ಇವನೇ. ಸುಬಾಕ್ಕೆ ಸೇರಿದ ಪರಗಣಗಳು, ಅಂದರೆ ಕಂದಾಯದ ವಿಭಾಗಗಳು, ಏಳು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಈ ಹೆಸರುಗಳನ್ನು ನಕ್ಷೆಯ ಮೇಲಿಟ್ಟು ನೋಡಿದರೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಪಟ್ಟಿ ಮೂಡುತ್ತದೆ. ಬಿಜಾಪುರದ ಕಡೆಯಿಂದ ದಕ್ಷಿಣಕ್ಕೆ ಇಳಿಯುವ ದಾರಿ ಆ ಪಟ್ಟಿಯನ್ನು ದಾಟುವ ಎಡೆಯಲ್ಲೇ ಶಿರಾ ಇದೆ. ಹೊನ್ನಾವರದಿಂದ ಬುಕ್ಕಾಪಟ್ಟಣ, ಶಿರಾ, ಮಧುಗಿರಿಗಳ ಮೇಲೆ ಚಿತ್ತೂರಿನತ್ತ ಹೋಗುವ ಇಂದಿನ 69ನೆಯ ಹೆದ್ದಾರಿಯೂ 48ನ್ನು ಸಂಧಿಸುವುದು ಇಲ್ಲಿಯೇ.

ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ 1651ರ ಗೋರಿಯೂ 1696ರಲ್ಲಿ ನಯಮಾಡಿದ ಕಲ್ಲಿನಿಂದ ಕಟ್ಟಿದ ಜುಮ್ಮಾ ಮಸೀದಿಯೂ ಊರಿನೊಳಗೆ ಉಳಿದಿವೆ. ಕೊನೆಯ ಸುಬೇದಾರರಲ್ಲೊಬ್ಬನಾದ ದಿಲಾವರ್ ಖಾನನ ಕಾಲದಲ್ಲಿ ಇಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಹಿಂದಿನವರು ಹೇಳಿಕೊಂಡು ಬಂದಿದ್ದು, ಎಣಿಕೆ ಉತ್ಪ್ರೇಕ್ಷೆಯಾಗಿದ್ದರೂ ವೈಭವದ ನೆನಪು ಸುಳ್ಳಲ್ಲ. ಅವನ ಅರಮನೆಯು ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದೂ, ಖಾನ್ ಬಾಗ್ ಎಂಬ ತೋಟವನ್ನು ಕಂಡೇ ಹೈದರನಿಗೆ ಲಾಲ್‌ಬಾಗಿನ ಕಲ್ಪನೆ ಬಂದಿರಬೇಕೆಂದೂ ಹೇಳುವುದುಂಟು. ಬೆಂಗಳೂರಿನಿಂದ ಹೊರಟ ಸವಾರನು ಹಾಗೆ ನೋಡಿದರೆ ತನ್ನ ಊರಿನ ತೋಟದ ತವರಿಗೇ ಬಂದಂತಾಯಿತು.

ದಾರಿಗಳು ತಂದ ಸಿರಿಯನ್ನು ದಾರಿಗಳೇ ಕೊಂಡೊಯ್ದವು. 1757ರಲ್ಲಿ ಮರಾಠರು ಬಂದರು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗನು ಹೈದರನಿಗೆ ಶಿರಾದ ನವಾಬಗಿರಿಯನ್ನು ಕೊಟ್ಟನು. 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಹೀಗೆ ಕೈಯಿಂದ ಕೈಗೆ ಹೋಗುತ್ತಿದ್ದ ಊರಿನಿಂದ ಟಿಪ್ಪುವಿನ ಕಾಲದಲ್ಲಿ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಶ್ರೀರಂಗಪಟ್ಟಣದ ಬಳಿಯ ಗಂಜಾಮನ್ನು ತುಂಬಿಸಲಾಯಿತೆಂದು ದಾಖಲೆಗಳು ಹೇಳುತ್ತವೆ. ಯುದ್ಧದಲ್ಲಿ ಬಿದ್ದ ಕೋಟೆಯನ್ನು ಮತ್ತೆ ಕಟ್ಟಬಹುದು, ಹೊರಟುಹೋದ ನೇಕಾರರನ್ನೂ ವ್ಯಾಪಾರಿಗಳನ್ನೂ ಮರಳಿ ಕರೆತರುವುದು ಸುಲಭವಲ್ಲ. 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರದಿಂದ ಮಧುಗಿರಿಯ ಮೇಲೆ ಶಿರಾಕ್ಕೆ ಬಂದಾಗ ಕಂಡದ್ದು ಈ ಏಟುಗಳನ್ನೆಲ್ಲ ತಿಂದ ಊರನ್ನು.

ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತಕ್ಕೆ ಬಂದ ಮೇಲೆ, ಮಾರ್ಕ್ ಕಬ್ಬನನ ಕಾಲದಲ್ಲಿ (1834–61), ಸುಮಾರು 1,600 ಮೈಲಿ ರಸ್ತೆಗಳಾದವು; 1868ರಲ್ಲಿ ಹರಿಹರದ ಸೇತುವೆಯೂ ಮುಗಿದು ಗಾಡಿಗಳ ಓಡಾಟ ಹೆಚ್ಚಿತು. ರಸ್ತೆಯ ಎರಡೂ ಬದಿ ನೆಟ್ಟು ಬೆಳೆಸಿದ ಸಾಲುಮರಗಳು, ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟಿಗೆಗಳು, ಅಧಿಕಾರಿಗಳು ಇಳಿದುಕೊಳ್ಳುವ ಮುಸಾಫಿರಖಾನೆಗಳು, ಇವೆಲ್ಲ ಗಾಡಿಯ ನಡಿಗೆಗೆ ತಕ್ಕ ಏರ್ಪಾಡುಗಳು. ಆದರೆ 1884ರಲ್ಲಿ ತುಮಕೂರಿಗೆ ಬಂದ ರೈಲು ಮುಂದೆ ಹರಿಹರಕ್ಕೆ ಹೋಗುವಾಗ ಶಿರಾದ ನೇರ ದಾರಿಯನ್ನು ಬಿಟ್ಟು ಗುಬ್ಬಿ, ತಿಪಟೂರು, ಅರಸೀಕೆರೆಗಳ ಕಡೆಗೆ ತಿರುಗಿತು. ತೆಂಗಿನ ನಾಡಿಗೆ ಅದು ಭಾಗ್ಯವಾಯಿತು, ಶಿರಾಕ್ಕೆ ನಷ್ಟ. ನೂರು ವರ್ಷಗಳಿಗೂ ಮೀರಿದ ಬಳಿಕ ಸುವರ್ಣ ಚತುಷ್ಪಥ ಯೋಜನೆ ಹೆದ್ದಾರಿಯನ್ನು ಅಗಲ ಮಾಡಿ ಊರಿನ ಹೊರಗಿನಿಂದ ಕೊಂಡೊಯ್ದಿತು. ಈಗ ಬೈಪಾಸಿನಲ್ಲಿ ಬೇಕೆಂದೇ ಇಳಿದು ಬರುವವರಿಗೆ ಮಾತ್ರ ಸುಬಾದ ರಾಜಧಾನಿ ಕಾಣುತ್ತದೆ.

ಶಿರಾದಿಂದ ಬಡವನಹಳ್ಳಿಯ ಮೇಲೆ ಮಧುಗಿರಿಗೆ ಹೋಗುವ ರಸ್ತೆ ಮೋಟಾರ್ ಸೈಕಲ್ ಸವಾರಿಗೆ ಹೆಚ್ಚು ಒಗ್ಗುತ್ತದೆ. ಲಾರಿಗಳ ಗದ್ದಲ ಕಡಿಮೆಯಾಗಿ, ಸಮುದ್ರಮಟ್ಟದಿಂದ 3,900 ಅಡಿಗೂ ಮೀರಿ ಎದ್ದಿರುವ ಏಕಶಿಲೆಯ ಬೆಟ್ಟ ದೂರದಿಂದಲೇ ಕಣ್ಣು ತುಂಬುತ್ತದೆ. 1927ರವರೆಗೆ ಮದ್ದಗಿರಿ ಎನಿಸಿದ್ದ ಈ ಊರಿನ ಕೋಟೆಯನ್ನು ಹೀರೇಗೌಡನ ವಂಶದವರು ಮಣ್ಣಿನಲ್ಲಿ ಆರಂಭಿಸಿದರೆಂದೂ, 1678ರಲ್ಲಿ ಮೈಸೂರಿನ ದಳವಾಯಿಯು ಅದನ್ನು ಗೆದ್ದನೆಂದೂ, ಹೈದರನು ಬಲಪಡಿಸಿದನೆಂದೂ ತಿಳಿಯುತ್ತದೆ. ಬಂಡೆಯಲ್ಲಿ ಪಾದ ಊರುವಷ್ಟೇ ಕಡಿದ ಮೆಟ್ಟಿಲು, ಮಳೆನೀರು ನಿಲ್ಲುವ ದೊಣೆ, ಮೇಲೆ ಧಾನ್ಯದ ಕಣಜ: ಮುತ್ತಿಗೆಯ ದಿನಗಳ ಎಣಿಕೆಯನ್ನು ಕಲ್ಲೇ ಹೇಳುತ್ತದೆ. 1763ರಲ್ಲಿ ಬಿದನೂರು ಬಿದ್ದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ಮಗನೊಂದಿಗೆ ಹೈದರನು ಸೆರೆಯಿಟ್ಟದ್ದು ಈ ಬೆಟ್ಟದಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ಗೆದ್ದು ಅವಳನ್ನು ಬಿಡಿಸಿದನು. ಮಲೆನಾಡಿನ ಮಳೆಯಲ್ಲಿ ಆಳಿದ ಆ ಹೆಣ್ಣು ನಾಲ್ಕು ವರ್ಷ ಈ ಕಾದ ಬಂಡೆಯ ಮೇಲೆ ಕಳೆದು, ಬಿಡುಗಡೆ ಹೊಂದಿಯೂ ಪುಣೆಯನ್ನು ಮುಟ್ಟದೆ ದಾರಿಯಲ್ಲೇ ಪ್ರಾಣ ಬಿಟ್ಟಳು.

ಮಧುಗಿರಿಯಿಂದ ಉತ್ತರಕ್ಕೆ ಮಿಡಿಗೇಶಿಯ ಮೇಲೆ ಪಾವಗಡಕ್ಕೆ ಹೋದರೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದ ಫಲಕಗಳು ಹೊಲಗಳ ಜಾಗದಲ್ಲಿ ಹೊಳೆಯುತ್ತವೆ. ಆದರೆ ಒಂದೇ ದಿನದ ಸವಾರಿಗೆ ಅದು ದೂರ. ದಕ್ಷಿಣಕ್ಕೆ ತಿರುಗಿದವರು ಚನ್ನರಾಯನದುರ್ಗವನ್ನು ದಾಟಿ, ಸುವರ್ಣಮುಖಿಯ ದಡದ ಕೊರಟಗೆರೆಯ ಮೇಲೆ ಡಾಬಸ್‌ಪೇಟೆಯಲ್ಲಿ ಮತ್ತೆ ಹೆದ್ದಾರಿ ಸೇರುತ್ತಾರೆ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೇಲೆ ರಾಯದುರ್ಗಕ್ಕೆ ಒಂದು, ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಇನ್ನೊಂದು ರೈಲುಮಾರ್ಗದ ಕೆಲಸ ಕೈಗೊಂಡಿದ್ದು, 1880ರ ದಶಕದಲ್ಲಿ ಶಿರಾವನ್ನು ಬಿಟ್ಟು ಪಕ್ಕಕ್ಕೆ ಹೋದ ಹಳಿಗಳು ಈಗ ಹೇರೆತ್ತುಗಳ ಹಳೆಯ ಜಾಡು ಹಿಡಿದು ಬರುತ್ತಿವೆ.