ಅರಸರ ತೋಟದಿಂದ ಮಕ್ಕಳ ಮೃಗಾಲಯಕ್ಕೆ

ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಹೊರಡುವ ಕುಟುಂಬದ ದಿನಚರಿ ಬಹುಮಟ್ಟಿಗೆ ಮೊದಲೇ ಗೊತ್ತಾದದ್ದು. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಮಧ್ಯಾಹ್ನ ಮೃಗಾಲಯ, ದೀಪ ಹತ್ತುವ ಹೊತ್ತಿಗೆ ಕನ್ನಂಬಾಡಿಯ ಬೃಂದಾವನ. ಬೆಟ್ಟ ಅಜ್ಜಿಯ ಪಾಲಿನದು, ಅರಮನೆ ದೊಡ್ಡವರದು. ಮಕ್ಕಳು ಮಾತ್ರ ಬಸ್ಸು ಹತ್ತಿದ ಗಳಿಗೆಯಿಂದ ಕೇಳುವುದು ಒಂದೇ: ಹುಲಿ ಎಷ್ಟು ಹೊತ್ತಿಗೆ ಸಿಗುತ್ತದೆ? ಇಷ್ಟು ಸಹಜವಾಗಿ ಕಾಣುವ ಈ ತಿರುಗಾಟಕ್ಕೆ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಇತಿಹಾಸವಷ್ಟೇ ಇದೆ.

ಅದಕ್ಕೆ ಮೊದಲು ನಮ್ಮ ಜನ ಮನೆಮಂದಿಯೊಂದಿಗೆ ಊರು ಬಿಟ್ಟು ಹೊರಡುತ್ತಿದ್ದುದು ಹೆಚ್ಚಾಗಿ ಜಾತ್ರೆಗೆ, ತೇರಿಗೆ, ಹರಕೆಗೆ, ನೆಂಟರ ಮದುವೆಗೆ. ಬೆಂಡು ಬತ್ತಾಸು, ಪೀಪಿ, ಗಿರಿಗಿಟ್ಲೆಗಳ ಸಂಭ್ರಮ ಅಲ್ಲಿಯೂ ಇತ್ತು. ಆದರೆ ಹೊರಡುವುದಕ್ಕೆ ದೇವರ ಅಥವಾ ನೆಂಟಸ್ತನದ ನೆಪ ಬೇಕಿತ್ತು. ಸುಮ್ಮನೆ ನೋಡಿ ಬರಲು, ಅದೂ ಮಕ್ಕಳಿಗೆ ತೋರಿಸಲೆಂದೇ ದುಡ್ಡು ಖರ್ಚು ಮಾಡಿ ಹೊರಡುವುದು ಹೊಸ ಕಾಲದ ರೂಢಿ. ಬೆಂಗಳೂರು–ಮೈಸೂರು ರೈಲುಮಾರ್ಗ 1882ರ ವೇಳೆಗೆ ಸಿದ್ಧವಾದದ್ದು ಇದಕ್ಕೆ ದಾರಿ ಮಾಡಿತು. ನೋಡಲು ತಕ್ಕ ತಾಣಗಳನ್ನು ಒದಗಿಸಿದ್ದು ಅರಸರ ಆಸಕ್ತಿ.

ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ತಮ್ಮ ಬೇಸಿಗೆ ಅರಮನೆಯ ಆವರಣದ ಹತ್ತು ಎಕರೆ ಜಾಗದಲ್ಲಿ ಪ್ರಾಣಿ ಸಂಗ್ರಹಾಲಯವನ್ನು ಆರಂಭಿಸಿದರು. ಆಗ ಅದಕ್ಕೆ ಇದ್ದ ಹೆಸರು ಅರಮನೆಯ ಮೃಗಾಲಯ ಎಂದೇ. ಆನೆ, ಕುದುರೆ, ಚಿರತೆಗಳನ್ನು ಸಾಕುವುದು ರಾಜರಿಗೆ ಹೊಸತೇನಲ್ಲ. ಅದು ದೊರೆತನದ ಲಕ್ಷಣವೇ ಆಗಿತ್ತು. ಹೊಸತೆಂದರೆ 1902ರಲ್ಲಿ ಅದರ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು. ಅದನ್ನು ಕಟ್ಟಿದ ಅರಸರಿಗೆ ಆ ನೋಟ ಕಾಣುವ ಯೋಗವಿರಲಿಲ್ಲ. 1894ರ ಡಿಸೆಂಬರ್‌ನಲ್ಲಿ, ಇನ್ನೂ ಮೂವತ್ತೊಂದರ ಪ್ರಾಯದಲ್ಲಿ, ಅವರು ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. 1909ರಲ್ಲಿ ಮೃಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು.

ಬಾಗಿಲು ತೆರೆದ ಉದಾರತೆಯ ಹಿಂದೆ ಒಂದು ಧೋರಣೆಯೂ ಇತ್ತು. ದಸರಾ ವಸ್ತುಪ್ರದರ್ಶನ 1880ರಲ್ಲಿ ಆರಂಭವಾದದ್ದು ಇದೇ ಅರಸರ ಕಾಲದಲ್ಲಿ. ಪ್ರಜೆಗಳು ಹಬ್ಬಕ್ಕೆ ಬಂದು, ಹೊಸ ವಸ್ತುಗಳನ್ನು ಕಂಡು, ಏನಾದರೂ ಕಲಿತು ಹೋಗಲಿ ಎಂಬುದು ಅದರ ಆಶಯ. ಮೃಗಾಲಯವೂ ಅದೇ ಮನೋಭಾವದ ಕೂಸು. ಮುಂದೆ ಕೃಷ್ಣರಾಜಸಾಗರದ ಅಣೆಕಟ್ಟೆಯ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮುತುವರ್ಜಿಯಿಂದ, 1927ರಲ್ಲಿ ಕೆಲಸ ಶುರುವಾಗಿ 1932ರಲ್ಲಿ ಮುಗಿದ ಬೃಂದಾವನವೂ ಈ ಸಾಲಿನದೇ. ನೀರಾವರಿಗೆಂದು ಕಟ್ಟಿದ ಕಟ್ಟೆ ಜನರ ಕಣ್ಣಿಗೂ ಹಬ್ಬವಾಯಿತು.

ರಾಜ್ಯಾಡಳಿತ ಬದಲಾದಾಗ ಮೃಗಾಲಯದ ಒಡೆತನವೂ ಬದಲಾಯಿತು. 1948ರಲ್ಲಿ ಅದು ಮೈಸೂರು ಸರ್ಕಾರದ ಉದ್ಯಾನಗಳ ಇಲಾಖೆಗೆ ಸೇರಿತು. 1972ರಲ್ಲಿ ಅರಣ್ಯ ಇಲಾಖೆಗೆ ಹೋಯಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚನೆಯಾಯಿತು. ತೋಟದ ಭಾಗವೆಂದು ನೋಡುತ್ತಿದ್ದುದನ್ನು ಕಾಡಿನ ಭಾಗವೆಂದು ನೋಡುವಂತಾಯಿತು ಎಂಬುದು ಈ ಇಲಾಖೆಗಳ ಹೆಸರಿನಲ್ಲೇ ಕಾಣುತ್ತದೆ.

ನೋಡುವವರ ರೀತಿ ಬದಲಾಗಲು ಇನ್ನಷ್ಟು ಕಾಲ ಹಿಡಿಯಿತು. ಮಂಗನಿಗೆ ಕಡಲೆಕಾಯಿ ಎಸೆಯದೆ, ಮಲಗಿದ ಸಿಂಹವನ್ನು ಕೂಗಿ ಎಬ್ಬಿಸದೆ ಬಂದರೆ ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ಭಾವಿಸುವವರು ಕಡಿಮೆಯೇನಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಂದ ತಿದ್ದುಪಡಿ ಇದಕ್ಕೆ ತಡೆ ಹಾಕಿತು. ಮೃಗಾಲಯದ ಪ್ರಾಣಿಗಳಿಗೆ ತಿನ್ನಲು ಕೊಡುವುದು, ಅವುಗಳನ್ನು ಕೆಣಕುವುದು, ಗದ್ದಲವೆಬ್ಬಿಸುವುದು, ಆವರಣದಲ್ಲಿ ಕಸ ಎಸೆಯುವುದು ಇವೆಲ್ಲ ಕಾನೂನಿನಲ್ಲೇ ನಿಷಿದ್ಧವಾದವು. ಪ್ರೀತಿಯಿಂದ ಕೊಟ್ಟ ತಿಂಡಿಯೂ ಪ್ರಾಣಿಯ ಹೊಟ್ಟೆ ಕೆಡಿಸುತ್ತದೆ ಎಂಬುದನ್ನು ಮಗುವಿಗೆ ತಿಳಿಹೇಳುವ ಹೊಣೆ ಅಪ್ಪ ಅಮ್ಮಂದಿರ ಮೇಲೆ ಬಿತ್ತು. ಅದೇ ತಿದ್ದುಪಡಿಯ ಫಲವಾಗಿ 1992ರಲ್ಲಿ, ಮೈಸೂರು ಮೃಗಾಲಯಕ್ಕೆ ನೂರು ತುಂಬಿದ ವರ್ಷವೇ, ಕೇಂದ್ರ ಮೃಗಾಲಯ ಪ್ರಾಧಿಕಾರವೂ ಹುಟ್ಟಿತು.

ಕಾನೂನು ಹೇಳದ ಪ್ರಶ್ನೆಗಳನ್ನೂ ಮೃಗಾಲಯ ಎತ್ತುತ್ತದೆ. ಪೋಲೋ ಎಂಬ ಗೊರಿಲ್ಲಾ 1995ರಲ್ಲಿ ಡಬ್ಲಿನ್‌ನಿಂದ ಮೈಸೂರಿಗೆ ಬಂದಿತ್ತು. ಎರಡು ದಶಕಗಳ ಕಾಲ ಮಕ್ಕಳ ಗುಂಪು ಅದರ ಮನೆಯ ಮುಂದೆ ನಿಂತು ಬೆರಗಾಯಿತು. ಗೊರಿಲ್ಲಾ ಗುಂಪಿನಲ್ಲಿ ಬಾಳುವ ಜೀವಿ. ಆದರೆ ಪೋಲೋ ಬದುಕಿನ ಬಹು ವರ್ಷಗಳನ್ನು ಒಂಟಿಯಾಗಿ ಕಳೆದು 2014ರಲ್ಲಿ ಸತ್ತಿತು. ಭಾರತದಲ್ಲಿ ಆಗ ಇದ್ದ ಏಕೈಕ ಗೊರಿಲ್ಲಾ ಎಂಬ ಹೆಗ್ಗಳಿಕೆ ಮೃಗಾಲಯಕ್ಕೆ ಸಂದಿತು. ಒಂಟಿತನ ಪೋಲೋಗೆ ಉಳಿಯಿತು. 2021ರಲ್ಲಿ ಜರ್ಮನಿಯಿಂದ ಮತ್ತೆ ಗೊರಿಲ್ಲಾ ತರಿಸಿದಾಗ ಬಂದದ್ದು ಒಂದಲ್ಲ, ಥಾಬೋ ಮತ್ತು ಡೆಂಬಾ ಎಂಬ ಎರಡು.

ಅದೇ ಹೊತ್ತಿಗೆ ಇನ್ನೊಂದು ಸತ್ಯವೂ ಹೊರಬಿದ್ದಿತು. ಈ ಮೃಗಾಲಯದ ಹೊಟ್ಟೆ ತುಂಬುವುದು ಬಹುಪಾಲು ಟಿಕೆಟ್ಟಿನ ಹಣದಿಂದ. ಕೊರೋನಾ ಕಾರಣಕ್ಕೆ 2020 ಮತ್ತು 2021ರಲ್ಲಿ ಬಾಗಿಲು ಮುಚ್ಚಿದಾಗ ಜನ ಬರಲಿಲ್ಲ, ಹಣವೂ ಬರಲಿಲ್ಲ. ಆದರೆ ಹುಲಿಗೆ ಮಾಂಸ, ಆನೆಗೆ ಮೇವು ನಿಲ್ಲಿಸುವಂತಿರಲಿಲ್ಲ. ಆಗ ಅನೇಕರು ದೇಣಿಗೆ ಕೊಟ್ಟರು, ಪ್ರಾಣಿಗಳನ್ನು ದತ್ತು ಪಡೆದರು. ದತ್ತು ಎಂದರೆ ಮನೆಗೆ ಒಯ್ಯುವುದಲ್ಲ. ನಿಗದಿತ ಅವಧಿಗೆ ಒಂದು ಪ್ರಾಣಿಯ ಆಹಾರದ ಖರ್ಚು ವಹಿಸಿಕೊಳ್ಳುವುದು. ಹುಲಿ ಆನೆಗಳಷ್ಟೇ ಅಲ್ಲ, ಸಣ್ಣ ಹಕ್ಕಿಯನ್ನೂ ಹೀಗೆ ದತ್ತು ಪಡೆಯಬಹುದು. ಮಗುವಿನ ಹುಟ್ಟುಹಬ್ಬಕ್ಕೆಂದು ಹೀಗೆ ದತ್ತು ಪಡೆಯುವ ಕುಟುಂಬಗಳೂ ಉಂಟು.

ಕಡಲೆಕಾಯಿ ಎಸೆಯುತ್ತಿದ್ದ ಕೈಗೂ ಈ ಕೈಗೂ ನಡುವೆ ಒಂದೆರಡು ತಲೆಮಾರು ಮಾತ್ರ. ಮಗು ಅಲ್ಲಿಗೆ ಹೋದಾಗ ತಾನು ದತ್ತು ಪಡೆದ ಹಕ್ಕಿ ಕೊಂಬೆಯ ಮರೆಯಲ್ಲಿ ನಿದ್ದೆ ಮಾಡುತ್ತಿರಬಹುದು. ಅದನ್ನು ಎಬ್ಬಿಸದೆ ಬಂದರೂ ಆ ದಿನ ದಂಡವಾದಂತಲ್ಲ.